ಕಡತದ ಒಳಗಿನ ಕನ್ನಡ

(ಸೋನಾರ್‌ಪುರದಲ್ಲಿ ಸೇರಿದ್ದ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ನಿಮಿತ್ತ ನಾಲ್ಕು ಮಾತು ಆಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಪಂಪನನ್ನೂ ಕುಮಾರವ್ಯಾಸನನ್ನೂ ಕುರಿತು ಹೇಳತಕ್ಕ ವಿದ್ವತ್ತು ನಮ್ಮಲ್ಲಿಲ್ಲ. ನಾವು ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಗುಮಾಸ್ತೆ ಕೆಲಸ ಮಾಡುವವರು. ದಿನವೆಲ್ಲ ಅಂಕೆಗಳೊಡನೆ ಇರುವವರು. ಆದಕಾರಣ ಅಂಕೆಗಳ ದಾರಿಯಿಂದಲೇ ಕನ್ನಡದ ಬಳಿಗೆ ಬರುತ್ತೇವೆ. ಗಣಕಯಂತ್ರದಲ್ಲಿ ನಾವು ಬರೆದಿಡುವ ಕನ್ನಡವು ಒಳಗೆ ಯಾವ ರೂಪದಲ್ಲಿ ಇರುತ್ತದೆ, ಅದನ್ನು ಇದ್ದದ್ದು ಇದ್ದ ಹಾಗೆ ನೋಡುವುದು ಹೇಗೆ, ಹಾಗೆ ನೋಡಿದರೆ ನಮ್ಮಂಥ ಮನೆಗಳಿಗೆ ಏನು ಪ್ರಯೋಜನ, ಇವಿಷ್ಟೇ ಇಂದಿನ ವಿಷಯ.

ಇದು ಕೇವಲ ಯಂತ್ರಜ್ಞರ ವಿಷಯವೆಂದು ದಯವಿಟ್ಟು ಯಾರೂ ಎದ್ದು ಹೋಗಬಾರದು. ಊರು ಬಿಟ್ಟು ದೂರ ಬಂದ ನಮಗೆ ಊರಿನ ಕಾಗದಪತ್ರಗಳೇ ಆಸ್ತಿ. ಹಿಂದೆ ಅವು ಟ್ರಂಕಿನಲ್ಲಿ ಇರುತ್ತಿದ್ದವು. ಈಚಿನ ಇಪ್ಪತ್ತು ಇಪ್ಪತ್ತೈದು ವರ್ಷಗಳಿಂದ ಅವು ಗಣಕಯಂತ್ರದ ಕಡತಗಳಾಗಿವೆ. ಟ್ರಂಕಿನ ಕಾಗದಕ್ಕೆ ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಕಡತದ ಮಾತು ಹಾಗಲ್ಲ. ಕೆಟ್ಟದ್ದು ಚೆನ್ನಾಗಿರುವಂತೆ ಕಾಣಬಹುದು. ಚೆನ್ನಾಗಿರುವುದು ಕೆಟ್ಟಂತೆ ಕಾಣಬಹುದು. ಹಾಗೆ ಕೆಟ್ಟಂತೆ ಕಂಡದ್ದನ್ನು ನಮ್ಮ ಮಕ್ಕಳು ಒಂದು ಗುಂಡಿ ಒತ್ತಿ ಅಳಿಸಿಬಿಡುತ್ತಾರೆ. ಅಲ್ಲಿಗೆ ಮುಗಿಯಿತು.

ಬ್ಯಾಂಕಿನಲ್ಲಿ ಒಂದು ಪದ್ಧತಿಯುಂಟು. ನೋಟಿನ ಕಟ್ಟಿನ ಮೇಲೆ ಚೀಟಿ ಅಂಟಿಸಿರುತ್ತದೆ. ಇಷ್ಟು ನೋಟು, ಇಷ್ಟು ರೂಪಾಯಿ ಎಂದು ಅದರಲ್ಲಿ ಬರೆದಿರುತ್ತದೆ. ಚೀಟಿಯನ್ನು ನಂಬಿ ಕಟ್ಟನ್ನು ಪೆಟ್ಟಿಗೆಗೆ ಹಾಕುವ ಖಜಾಂಚಿ ಬಹಳ ದಿನ ಆ ಕೆಲಸದಲ್ಲಿ ಉಳಿಯುವುದಿಲ್ಲ. ಕಟ್ಟು ಬಿಚ್ಚಿ ಎಣಿಸಬೇಕು. ಅನುಮಾನ ಬಂದ ನೋಟನ್ನು ಬೆಳಕಿಗೆ ಹಿಡಿದು ನೋಡಬೇಕು. ಗಣಕಯಂತ್ರದ ಕಡತಕ್ಕೂ ಹೆಸರೆಂಬ ಚೀಟಿಯೊಂದಿದೆ. ತೆರೆಯ ಮೇಲೆ ಕಾಣುವ ರೂಪವೊಂದಿದೆ. ಇವೆರಡೂ ಕಡತವಲ್ಲ. ಕಡತವೆಂದರೆ ಒಳಗೆ ಸಾಲಾಗಿ ಕೂತಿರುವ ಅಂಕೆಗಳು. ಆ ಒಂದೊಂದು ಅಂಕೆಗೂ ಬೈಟು ಎಂದು ಹೆಸರು. ಒಂದು ಬೈಟಿನಲ್ಲಿ 0 ಮೊದಲುಗೊಂಡು 255ರ ವರೆಗೆ ಯಾವುದಾದರೂ ಒಂದು ಸಂಖ್ಯೆ ಇರಬಹುದು, ಅಷ್ಟೆ. ಪತ್ರ, ಭಾವಚಿತ್ರ, ಹಾಡು, ಜಾತಕ, ಎಲ್ಲವೂ ಕಡೆಗೆ ಈ ಅಂಕೆಗಳ ಸಾಲೇ.

ಈ ಸಾಲನ್ನು ಬಿಚ್ಚಿ ತೋರಿಸುವ ಉಪಕರಣಗಳು ಹಳೆಯವು. ಯೂನಿಕ್ಸ್ ಎಂಬ ವ್ಯವಸ್ಥೆಯ ಮೊದಲ ಆವೃತ್ತಿ 1971ರಲ್ಲಿ ಬಂದಾಗಲೇ ಅದರಲ್ಲಿ ಓಡಿ ಎಂಬ ಎರಡಕ್ಷರದ ಆಜ್ಞೆಯೊಂದು ಇತ್ತು. ಕಡತದ ಒಡಲನ್ನು ಅಂಕೆಗಳಲ್ಲಿ ಸುರಿದು ತೋರಿಸುವುದು ಅದರ ಕೆಲಸ. ಇಂದಿಗೂ ಅದು ಇದೆ. 1990ರಲ್ಲಿ ಯೂರ್ಗನ್ ವೈಗರ್ಟ್ ಎಂಬವರು ಎಕ್ಸ್‌ಎಕ್ಸ್‌ಡಿ ಎಂಬ ಇನ್ನೊಂದನ್ನು ಬರೆದರು. ವಿಮ್ ಎಂಬ ಬರವಣಿಗೆಯ ತಂತ್ರಾಂಶದೊಡನೆ ಅದು ಎಲ್ಲ ಕಡೆಗೂ ಹರಡಿತು. ನಾವು ಬಳಸುವುದು ಇದನ್ನೇ. ಇದಕ್ಕೆ ಚಿತ್ರ ಬಿಡಿಸಿದ ಗುಂಡಿಗಳಿಲ್ಲ, ಕಿಟಕಿಗಳಿಲ್ಲ. ಕಪ್ಪು ತೆರೆಯ ಮೇಲೆ ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ ಎರಡು ಎಕ್ಸ್, ಒಂದು ಡಿ, ಒಂದು ತೆರಪು, ಅದರ ಮುಂದೆ ಕಡತದ ಹೆಸರು. ಇಷ್ಟು ಬೆರಳಚ್ಚಿಸಿ ಒತ್ತಿದರೆ ಆಯಿತು. ಲಿನಕ್ಸ್ ಇರುವ ಯಂತ್ರದಲ್ಲಿಯೂ ಮ್ಯಾಕ್ ಯಂತ್ರದಲ್ಲಿಯೂ ಹೀಗೆ. ವಿಂಡೋಸ್ ಇರುವವರು ಪವರ್‌ಶೆಲ್ ತೆರೆದು ಫಾರ್ಮಾಟ್-ಹೆಕ್ಸ್ ಎಂಬ ಆಜ್ಞೆ ಕೊಟ್ಟರೆ ಅದೇ ಕೆಲಸ ನಡೆಯುತ್ತದೆ. ಕಡತ ದೊಡ್ಡದಾದರೆ ಎಲ್ಲವನ್ನೂ ಸುರಿಯಬೇಕಾಗಿಲ್ಲ. ಎಕ್ಸ್‌ಎಕ್ಸ್‌ಡಿಯ ಮುಂದೆ ಅಡ್ಡಗೀಟು, ಎಲ್, 64 ಎಂದು ಸೇರಿಸಿದರೆ ಮೊದಲಿನ 64 ಬೈಟುಗಳನ್ನು ಮಾತ್ರ ತೋರಿಸುತ್ತದೆ. ರೋಗ ತಿಳಿಯಲು ಬಹುಮಟ್ಟಿಗೆ ಅಷ್ಟು ಸಾಕು.

ತೆರೆಯ ಮೇಲೆ ಮೂರು ಭಾಗ ಕಾಣುತ್ತದೆ. ಎಡಗಡೆ ಪುಟಸಂಖ್ಯೆಯ ಹಾಗೆ ಒಂದು ಸಂಖ್ಯೆ. ಕಡತದಲ್ಲಿ ಎಷ್ಟನೆಯ ಬೈಟಿನಿಂದ ಈ ಸಾಲು ಮೊದಲಾಯಿತು ಎಂಬುದು ಅದು. ನಡುವೆ ಒಂದು ಸಾಲಿಗೆ ಹದಿನಾರರಂತೆ ಬೈಟುಗಳು. ಬಲಗಡೆ ಅವೇ ಬೈಟುಗಳು ಇಂಗ್ಲಿಷ್ ಅಕ್ಷರಗಳಾಗಿದ್ದರೆ ಏನಾಗುತ್ತಿದ್ದವು ಎಂಬುದು. ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಯಾವುದೂ ಆಗದಿದ್ದಲ್ಲಿ ಒಂದು ಚುಕ್ಕಿ.

ನಡುವಣ ಬೈಟುಗಳನ್ನು ಬರೆಯುವುದು ಹದಿನಾರರ ಲೆಕ್ಕದಲ್ಲಿ. ಇದನ್ನು ಕೇಳಿ ಹುಡುಗರು ಹೆದರುತ್ತಾರೆ; ನಮ್ಮ ಹಿರಿಯರು ಹೆದರಬೇಕಾಗಿಲ್ಲ. 1957ರ ಏಪ್ರಿಲ್ 1ರಂದು ನಯಾಪೈಸೆ ಬರುವ ತನಕ ಈ ದೇಶದ ಸಂತೆಗಳಲ್ಲೆಲ್ಲ ಹದಿನಾರರ ಲೆಕ್ಕವೇ ನಡೆಯುತ್ತಿತ್ತು. ರೂಪಾಯಿಗೆ ಹದಿನಾರು ಆಣೆ. ಬೈಟಿನ ಎಡಗಡೆಯ ಗುರುತನ್ನು ರೂಪಾಯಿಯೆಂದೂ ಬಲಗಡೆಯದನ್ನು ಆಣೆಯೆಂದೂ ಓದಿಕೊಳ್ಳಿ. 95 ಎಂದಿದ್ದರೆ ಒಂಬತ್ತು ರೂಪಾಯಿ ಐದಾಣೆ, ಎಂದರೆ 149 ಆಣೆ. ಹತ್ತರಿಂದ ಹದಿನೈದರ ವರೆಗಿನ ಎಣಿಕೆಗೆ ಒಂದೇ ಗುರುತು ಬೇಕಲ್ಲ. ಅದಕ್ಕೆ ಇಂಗ್ಲಿಷಿನ ಎ, ಬಿ, ಸಿ, ಡಿ, ಇ, ಎಫ್ ಎಂಬ ಆರು ಅಕ್ಷರಗಳನ್ನು ಇಟ್ಟುಕೊಂಡಿದ್ದಾರೆ. ಎಫ್‌ಎಫ್ ಎಂದರೆ ಹದಿನೈದು ರೂಪಾಯಿ ಹದಿನೈದಾಣೆ, 255. ಇದಕ್ಕಿಂತ ಹೆಚ್ಚು ಒಂದು ಬೈಟಿನಲ್ಲಿ ಹಿಡಿಯುವುದಿಲ್ಲ.

ಈಗ 'ಕನ್ನಡ' ಎಂಬ ಪದವನ್ನೇ ಒಂದು ಹೊಸ ಕಡತದಲ್ಲಿ ಬರೆದು ಒಳಗೆ ನೋಡೋಣ. ಹೀಗೆ ಕಾಣುತ್ತದೆ: ಇ0 ಬಿ2 95, ಇ0 ಬಿ2 ಎ8, ಇ0 ಬಿ3 8ಡಿ, ಇ0 ಬಿ2 ಎ8, ಇ0 ಬಿ2 ಎ1. ಒಟ್ಟು ಹದಿನೈದು ಬೈಟು, ಮೂರು ಮೂರರ ಐದು ಗುಂಪು. ಮೊದಲನೆಯ ಗುಂಪು ಕ. ಎರಡನೆಯದು ನ. ಮೂರನೆಯದು ಅರ್ಧಾಕ್ಷರದ ಗುರುತು, ನಾವು ಹಲಂತವೆನ್ನುತ್ತೇವಲ್ಲ, ಅದು. ನಾಲ್ಕನೆಯದು ಮತ್ತೆ ನ. ಐದನೆಯದು ಡ. ವ್ಯಾಕರಣದ ಮೇಷ್ಟರು ಪದವನ್ನು ಬಿಡಿಸಿ ಹೇಳಿದ ಹಾಗೆಯೇ ಯಂತ್ರವೂ ಬಿಡಿಸಿ ಇಟ್ಟುಕೊಂಡಿದೆ. ಒತ್ತು ಕೆಳಗೆ ಬರಬೇಕೆ, ಪಕ್ಕಕ್ಕೆ ಬರಬೇಕೆ ಎಂಬುದು ಕಡತದಲ್ಲಿಲ್ಲ. ಅದು ತೋರಿಸುವವರ ಕೆಲಸ. ಈ ಏರ್ಪಾಟಿಗೆ ಯೂನಿಕೋಡ್ ಎಂದು ಹೆಸರು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳನ್ನು ಕೊಟ್ಟರು. ಆ ಮನೆಯ ಸಂಖ್ಯೆಯನ್ನು ಬೈಟುಗಳಾಗಿ ಬರೆಯುವ, ಇಂದು ಬಹುಪಾಲು ಎಲ್ಲರೂ ಅನುಸರಿಸುವ ಕ್ರಮವನ್ನು 1992ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಎಂಬಿಬ್ಬರು ರೂಪಿಸಿದರು.

ಇಲ್ಲಿ ನಮ್ಮ ಕಾಶಿಯ ಮಾತೊಂದನ್ನು ಹೇಳಬೇಕು. ಸೋನಾರ್‌ಪುರದಿಂದ ಕೇದಾರಘಾಟಿಗೆ, ಅಲ್ಲಿಂದ ಹರಿಶ್ಚಂದ್ರಘಾಟಿನ ಮಗ್ಗುಲಲ್ಲಿರುವ ಕರ್ನಾಟಕ ಘಾಟಿಗೆ, ಅದರಾಚೆ ಹನುಮಾನ್ ಘಾಟಿಗೆ ನಡೆದು ಹೋಗುವಾಗ ಎಷ್ಟು ಲಿಪಿಗಳ ಫಲಕಗಳು ಕಣ್ಣಿಗೆ ಬೀಳುತ್ತವೆ! ನಾಗರಿ, ಬಂಗಾಳಿ, ತಮಿಳು, ತೆಲುಗು, ನಮ್ಮ ಕನ್ನಡ. ಈ ಐದು ಲಿಪಿಗಳ ಕಕಾರವನ್ನು ಬರೆದು ಒಳಗೆ ನೋಡಿದೆವು. ನಾಗರಿಯದು ಇ0 ಎ4 95. ಬಂಗಾಳಿಯದು ಇ0 ಎ6 95. ತಮಿಳಿನದು ಇ0 ಎಇ 95. ತೆಲುಗಿನದು ಇ0 ಬಿ0 95. ಕನ್ನಡದ್ದು ಇ0 ಬಿ2 95. ಮೊದಲ ಬೈಟು ಐದಕ್ಕೂ ಒಂದೇ, ಕಡೆಯ ಬೈಟೂ ಒಂದೇ. ನಡುವಿನದು ಮಾತ್ರ ಬೇರೆ ಬೇರೆ. ಇದು ಆಕಸ್ಮಿಕವಲ್ಲ. ಭಾರತದ ಲಿಪಿಗಳೆಲ್ಲ ಒಂದೇ ವರ್ಣಮಾಲೆಯ ಮಕ್ಕಳೆಂದು ತಿಳಿದು ನಮ್ಮ ದೇಶದವರು ಇಸ್ಕಿ ಎಂಬ ಸಾಮಾನ್ಯ ಸಂಕೇತಪಟ್ಟಿಯನ್ನು ಮಾಡಿದ್ದರು. ಅದರ 1988ರ ಜೋಡಣೆಯನ್ನೇ ಯೂನಿಕೋಡಿನವರು ಪ್ರತಿ ಲಿಪಿಗೂ ಅನುಸರಿಸಿದರು. ಒಂದೇ ಗಲ್ಲಿಯಲ್ಲಿ ಐದು ಮನೆ, ಐದು ಬಾಗಿಲು, ಒಳಗೆ ದೇವರ ಗೂಡು ಮಾತ್ರ ಒಂದೇ ಕಡೆ. ಹಾಗಿದೆ ಈ ಕಟ್ಟಡ.

ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡ ಇರಲಿಲ್ಲವೆ? ಇತ್ತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನವರ ನುಡಿ ಬಂದಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಮೇಲೆ ಸಾವಿರಾರು ಜನ ಕನ್ನಡ ಬೆರಳಚ್ಚು ಕಲಿತರು. ಶ್ರೀಲಿಪಿ, ಆಕೃತಿ ಮೊದಲಾದವು ಮುದ್ರಣಾಲಯಗಳಲ್ಲಿ ನಡೆಯುತ್ತಿದ್ದವು. ಇವರೆಲ್ಲರ ಉಪಕಾರವನ್ನು ನಾವು ಮರೆಯತಕ್ಕದ್ದಲ್ಲ. ಆದರೆ ಅಂದಿನ ಯಂತ್ರಗಳಿಗೆ ಇಂಗ್ಲಿಷ್ ಮುಂತಾದ ಪಶ್ಚಿಮದ ಲಿಪಿ ಮಾತ್ರ ಗೊತ್ತಿತ್ತು. ಆದ್ದರಿಂದ ಅವರು ಒಂದು ಉಪಾಯ ಮಾಡಿದರು. ಕನ್ನಡ ಅಕ್ಷರಗಳನ್ನು ಹಳೆಯ ಅಚ್ಚುಕೂಟದ ಮೊಳೆಗಳಂತೆ ತುಂಡು ಮಾಡಿದರು: ತಲೆಕಟ್ಟಿಲ್ಲದ ಕಕಾರ ಒಂದು ಮೊಳೆ, ತಲೆಕಟ್ಟು ಒಂದು ಮೊಳೆ, ನಕಾರದ ಒತ್ತು ಒಂದು ಮೊಳೆ. ಇಂಗ್ಲಿಷಿನ ಪಿ ಇರಬೇಕಾದ ಮನೆಯಲ್ಲಿ ಕಕಾರದ ಮೊಳೆಯನ್ನು ಕೂರಿಸಿದರು. ಫ್ರೆಂಚರು ಬಳಸುವ, ತಲೆಯ ಮೇಲೆ ಓರೆಗೀಟುಳ್ಳ ಎ ಇರಬೇಕಾದಲ್ಲಿ ತಲೆಕಟ್ಟನ್ನು ಕೂರಿಸಿದರು. ನುಡಿಯಲ್ಲಿ ಬರೆದ 'ಕನ್ನಡ' ಪದದ ಒಳಗೆ ಇರುವುದು ಏಳೇ ಬೈಟು: 50 ಸಿ0 ಎ3 ಸಿ0 ಡಿಎಫ್ 71 ಸಿ0. ಕ, ತಲೆಕಟ್ಟು, ನ, ತಲೆಕಟ್ಟು, ನ ಒತ್ತು, ಡ, ತಲೆಕಟ್ಟು. ಮೊಳೆ ಜೋಡಿಸುವವನು ಎಡಗೈಯಲ್ಲಿ ಕೋಲು ಹಿಡಿದು ಜೋಡಿಸಿದ ಕ್ರಮವೇ ಇದು. ನುಡಿಯ ಅಕ್ಷರಶೈಲಿ ಇರುವ ಯಂತ್ರದಲ್ಲಿ ಇದು ಸೊಗಸಾದ ಕನ್ನಡವಾಗಿ ಕಾಣುತ್ತದೆ. ಇಲ್ಲದ ಯಂತ್ರದಲ್ಲಿ ಇಂಗ್ಲಿಷಿನ ಪಿ, ಗೀಟಿನ ಎ, ಪೌಂಡಿನ ಗುರುತು, ಜರ್ಮನರ ಎಸ್ ಎಲ್ಲ ಕಲಸಿಹೋದ ಗೊಂದಲವಾಗಿ ಕಾಣುತ್ತದೆ.

ಇದರಿಂದ ಮನೆಗಳಿಗೆ ಏನಾಗುತ್ತದೆಂಬುದಕ್ಕೆ ನಮ್ಮ ನಡುವಿನ ಒಂದು ನಿದರ್ಶನ. ಹೆಸರು ಬೇಡ. ಕೇದಾರಘಾಟಿನ ಹತ್ತಿರ ಬಹುಕಾಲ ಇದ್ದ ಹಿರಿಯರೊಬ್ಬರು ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ನಿವೃತ್ತರಾದ ಮೇಲೆ, ನುಡಿಯಲ್ಲಿ ಎರಡು ಕಡತ ಬರೆದಿಟ್ಟಿದ್ದರು. ಒಂದರಲ್ಲಿ ತಮ್ಮ ವಂಶದವರು ಮಲೆನಾಡಿನಿಂದ ಕಾಶಿಗೆ ಬಂದ ಕಥೆ. ಇನ್ನೊಂದರಲ್ಲಿ ಊರ ಕಡೆಯಿಂದ ಯಾತ್ರೆಗೂ ಪಿತೃಕಾರ್ಯಕ್ಕೂ ಬಂದು ತಮ್ಮ ಮನೆಯಲ್ಲಿ ಇಳಿದುಕೊಂಡವರ ಪಟ್ಟಿ: ಯಾವ ಊರು, ಯಾರ ಮಗ, ಯಾರ ಕಾರ್ಯಕ್ಕೆ ಬಂದದ್ದು ಎಂದು. ಅವರು ತೀರಿಕೊಂಡರು. ಯಂತ್ರ ಬದಲಾಯಿತು. ಹೊಸ ಯಂತ್ರದಲ್ಲಿ ತೆರೆದರೆ ಎರಡೂ ಗೊಂದಲ. ಅಂಗಡಿಯವನು ನೋಡಿ, ಕಡತ ಕೆಟ್ಟಿದೆ, ಅಳಿಸಿಬಿಡಿ ಎಂದನಂತೆ. ಆ ಮನೆಯ ಸೊಸೆ ಅಳಿಸಲಿಲ್ಲ. ನಮ್ಮ ಬಳಿಗೆ ತಂದುಕೊಟ್ಟು ಹೇಳಿದರು: "ಮಾವನೋರು ರಾತ್ರಿಯೆಲ್ಲ ಕೂತ್ಕೊಂಡು ಬರೀತಿದ್ರು ಅಣ್ಣ. ಅಷ್ಟೂ ಹಾಳಾಗಿದೆ ಅಂದ್ರೆ ಮನಸ್ಸು ಒಪ್ಪಲ್ಲ. ನೀವೊಂದ್ ಸಲ ನೋಡಿ."

ನೋಡಿದೆವು. ಮೊದಲನೆಯ ಕಡತದಲ್ಲಿ ಸಿ0 ಎಂಬ ಬೈಟು ಹೆಜ್ಜೆಹೆಜ್ಜೆಗೂ ಕಂಡಿತು. ಕನ್ನಡದಲ್ಲಿ ತಲೆಕಟ್ಟಿಗಿಂತ ಹೆಚ್ಚಾಗಿ ಬರುವ ಮೊಳೆ ಯಾವುದಿದೆ? 50 ಸಿ0 ಎ3 ಸಿ0 ಡಿಎಫ್ 71 ಸಿ0 ಎಂಬ ಸಾಲು ಎರಡನೆಯ ಪುಟದಲ್ಲಿಯೇ ಸಿಕ್ಕಿತು. ಕಡತ ಕೆಟ್ಟಿರಲಿಲ್ಲ. ಅವರು ಬರೆದದ್ದು ಬರೆದ ಹಾಗೆಯೇ ಇತ್ತು. ಓದುವ ಕನ್ನಡಕವನ್ನು ಮಾತ್ರ ನಾವು ಕಳೆದುಕೊಂಡಿದ್ದೆವು. ನುಡಿ, ಬರಹ ಎರಡರಲ್ಲಿಯೂ ಹಳೆಯ ಬರವಣಿಗೆಯನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕ ಉಂಟು. ಅದಕ್ಕೆ ಕೊಟ್ಟೆವು. ಅರ್ಕಾವತ್ತು ನುಡಿಯಲ್ಲಿ ಅಕ್ಷರದ ಬಳಿಕ ಬರುತ್ತದೆ, ಯೂನಿಕೋಡಿನಲ್ಲಿ ಅಕ್ಷರಕ್ಕೆ ಮೊದಲು. ಅಂಥ ಕಡೆಗಳಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಉಳಿದವು. ಆ ಮನೆಯ ಅತ್ತೆಯವರ ಎದುರು ಗಟ್ಟಿಯಾಗಿ ಓದಿ ಹೆಸರುಗಳನ್ನೆಲ್ಲ ತಿದ್ದಿಕೊಂಡೆವು.

ಎರಡನೆಯ ಕಡತದ ಗತಿ ಬೇರೆಯಾಯಿತು. ಅದನ್ನು ಯಾರೋ ಇನ್ನೊಂದು ತಂತ್ರಾಂಶದಲ್ಲಿ ತೆರೆದು, ಏನೂ ಅರ್ಥವಾಗದೆ, ಮುಚ್ಚುವಾಗ ಉಳಿಸು ಎಂಬ ಗುಂಡಿ ಒತ್ತಿದ್ದರು. ಇಂದಿನ ತಂತ್ರಾಂಶಗಳು ಬಹುಮಟ್ಟಿಗೆ ಎಲ್ಲ ಕಡತವನ್ನೂ ಯೂನಿಕೋಡ್ ಎಂದೇ ಭಾವಿಸುತ್ತವೆ. ಸಿ0, ಎ3, ಡಿಎಫ್ ಮೊದಲಾದ ಬೈಟುಗಳು ಆ ಕ್ರಮಕ್ಕೆ ಹೊಂದುವುದಿಲ್ಲ. ಹೊಂದದಿದ್ದಲ್ಲೆಲ್ಲ ಅವು ಪ್ರಶ್ನಾರ್ಥಕವುಳ್ಳ ಒಂದು ಕಪ್ಪು ಗುರುತನ್ನು ತೋರಿಸುತ್ತವೆ. ಉಳಿಸಿದಾಗ ಹಳೆಯ ಬೈಟಿನ ಜಾಗದಲ್ಲಿ ಆ ಗುರುತಿನ ಬೈಟುಗಳನ್ನೇ ಬರೆದುಬಿಡುತ್ತವೆ: ಇಎಫ್ ಬಿಎಫ್ ಬಿಡಿ. 'ಕನ್ನಡ' ಪದದ ಏಳು ಬೈಟುಗಳಲ್ಲಿ ಹೀಗೆ ಐದು ಹೋಗುತ್ತವೆ. ಕಕಾರದ ಮೊಳೆಯೊಂದು, ಡಕಾರದ ಮೊಳೆಯೊಂದು ಉಳಿಯುತ್ತವೆ. ತಲೆಕಟ್ಟೂ ನಕಾರವೂ ಒತ್ತೂ ಒಂದೇ ಗುರುತಾದ ಮೇಲೆ ಯಾವುದು ಯಾವುದೆಂದು ಹೇಳುವ ಶಕ್ತಿ ಯಾವ ಪರಿವರ್ತಕಕ್ಕೂ ಇಲ್ಲ. ಆ ಕಡತದಲ್ಲಿ ಮೊದಲಿಂದ ಕಡೆಯ ತನಕ ಇಎಫ್ ಬಿಎಫ್ ಬಿಡಿ ತುಂಬಿತ್ತು. ಬೇರೆ ಪ್ರತಿ ಇರಲಿಲ್ಲ. ಊರಿನಿಂದ ಬಂದು ಅವರ ಮನೆಯಲ್ಲಿ ಉಂಡು ಹೋದವರ ಹೆಸರುಗಳು ಹೋದವು.

ಒಂದು ಮನೆಯ ಒಂದೇ ಕೈ ಬರೆದ ಎರಡು ಕಡತ. ಒಂದು ಬದುಕಿತು, ಒಂದು ಹೋಯಿತು. ಹೋದದ್ದಕ್ಕೆ ಕಾಲ ಕಾರಣವಲ್ಲ, ನುಡಿ ಕಾರಣವಲ್ಲ, ಹುಳ ಬಿದ್ದದ್ದೂ ಅಲ್ಲ. ಒಳಗೆ ನೋಡದೆ ಉಳಿಸು ಎಂಬ ಗುಂಡಿ ಒತ್ತಿದ್ದು ಕಾರಣ. ಈ ಕೂಟದಲ್ಲಿ ನಾವು ಹೇಳಬೇಕೆಂದಿದ್ದ ಮುಖ್ಯ ಮಾತು ಇದೇ.

ವೈದ್ಯರು ನಾಡಿ ಹಿಡಿದಂತೆ ಈ ಬೈಟುಗಳ ಲಕ್ಷಣವನ್ನು ಗುರುತಿಟ್ಟುಕೊಳ್ಳಬಹುದು. ಇ0 ಬಿ2, ಇ0 ಬಿ3 ಎಂಬ ಜೋಡಿಗಳು ಮತ್ತೆ ಮತ್ತೆ ಬರುತ್ತಿದ್ದರೆ ಅದು ಯೂನಿಕೋಡ್ ಕನ್ನಡ. ತೆರೆಯ ಮೇಲೆ ಚೌಕಗಳು ಕಂಡರೂ ಚಿಂತೆಯಿಲ್ಲ. ಕನ್ನಡದ ಅಕ್ಷರಶೈಲಿ ಹಾಕಿದರೆ ಸರಿಹೋಗುತ್ತದೆ. ಸಿ0 ಒಂಟಿಯಾಗಿ ಪದೇ ಪದೇ ಬರುತ್ತಿದ್ದರೆ ಅದು ನುಡಿಯ ಕಾಲದ ಕನ್ನಡವಾಗಿರುವ ಸಂಭವ ಹೆಚ್ಚು, ಪರಿವರ್ತಕಕ್ಕೆ ಕೊಡಿ. ಸಿ3 ಎ0, ಅದರ ಮುಂದೆ ಸಿ2 ಬಿ2 ಎಂದು ಬರುತ್ತಿದ್ದರೆ, ಸರಿಯಾಗಿದ್ದ ಯೂನಿಕೋಡನ್ನು ಯಾವುದೋ ಯಂತ್ರ ಪಶ್ಚಿಮದ ಅಕ್ಷರವೆಂದು ತಿಳಿದು ಎರಡನೆಯ ಸಲ ಸಂಕೇತಕ್ಕೆ ಹಾಕಿದೆ ಎಂದರ್ಥ. ಇದು ಬಹುಮಟ್ಟಿಗೆ ವಾಸಿಯಾಗುವ ರೋಗ. ಹಾಕಿದ ಕ್ರಮದಲ್ಲಿ ಹಿಂದಕ್ಕೆ ತೆಗೆಯಬೇಕು. 3ಎಫ್ 3ಎಫ್ 3ಎಫ್ ಎಂದು ಸಾಲಾಗಿ ಇದ್ದರೆ ಅದು ನಿಜವಾದ ಪ್ರಶ್ನಾರ್ಥಕ ಚಿಹ್ನೆ, ಅಕ್ಷರ ಹೋಗಿದೆ. ಇಎಫ್ ಬಿಎಫ್ ಬಿಡಿಯ ಸಂಗತಿ ಆಗಲೇ ಹೇಳಿದೆವು. ಈ ಕಡೆಯ ಎರಡು ಲಕ್ಷಣ ಕಂಡರೆ ಆ ಪ್ರತಿಯ ಮೇಲೆ ಕಾಲ ಕಳೆಯದೆ ಹಳೆಯ ಪ್ರತಿ ಎಲ್ಲಾದರೂ ಉಂಟೆ ಎಂದು ಹುಡುಕಬೇಕು: ಹಳೆಯ ತಟ್ಟೆ, ಅಂಚೆಯಲ್ಲಿ ಕಳಿಸಿದ ಪ್ರತಿ, ಊರಿನಲ್ಲಿರುವ ತಮ್ಮನ ಯಂತ್ರ.

ಬರವಣಿಗೆಯಲ್ಲದ ಕಡತಗಳಿಗೂ ಮೊದಲಲ್ಲಿಯೇ ಕುಲದ ಗುರುತು ಇರುತ್ತದೆ. 25 50 44 46 ಎಂದು ಶುರುವಾದರೆ ಪಿಡಿಎಫ್. ಎಫ್‌ಎಫ್ ಡಿ8 ಎಫ್‌ಎಫ್ ಎಂದಾದರೆ ಜೆಪೆಗ್ ಭಾವಚಿತ್ರ. ಡಿ0 ಸಿಎಫ್ 11 ಇ0 ಎಂದಾದರೆ ಹಳೆಯ ವರ್ಡ್ ಮೊದಲಾದ ಆಫೀಸ್ ಕಡತ. 50 4ಬಿ ಎಂದಾದರೆ ಗಂಟು ಕಟ್ಟಿದ ಜಿಪ್ ಕಡತ. ಈಗಿನ ವರ್ಡ್ ಕಡತವೂ ಇದೇ ಜಾತಿ, ದೂರವಾಣಿಯ ತಂತ್ರಾಂಶವನ್ನು ಹೊತ್ತುಬರುವ ಎಪಿಕೆ ಕಡತವೂ ಇದೇ ಜಾತಿ. 2024ರಲ್ಲಿ ಮದುವೆಯ ಕರೆಯೋಲೆಯೆಂಬ ಹೆಸರಿಟ್ಟುಕೊಂಡ ಎಪಿಕೆ ಕಡತಗಳು ವಾಟ್ಸಾಪಿನಲ್ಲಿ ಬಂದು ಎಷ್ಟೋ ಜನರ ಖಾತೆಗಳಿಗೆ ಕೈಹಾಕಿದ ಸುದ್ದಿಯನ್ನು ತಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೀರಿ. ಬ್ಯಾಂಕಿನವರಾಗಿ ಇಷ್ಟು ಹೇಳುವುದು ನಮ್ಮ ಧರ್ಮ: ಮದುವೆಯ ಚಿತ್ರ 50 4ಬಿ ಎಂದು ಎಂದಿಗೂ ಶುರುವಾಗುವುದಿಲ್ಲ. ಹೆಸರು ಚೀಟಿ ಮಾತ್ರ, ಕಟ್ಟು ಬೇರೆ.

ಇನ್ನು ಸಣ್ಣ ಸಣ್ಣ ಹೊಂದದಿಕೆಗಳ ವಿಚಾರ. ನಮ್ಮ ಸಂಘದ ವಿಳಾಸಪಟ್ಟಿಯಲ್ಲಿ ಈ ಬಡಾವಣೆಯ ಹೆಸರು ಕೊಟ್ಟು ಹುಡುಕಿದರೆ ಎಲ್ಲ ಮನೆಗಳೂ ದೊರೆಯುತ್ತಿರಲಿಲ್ಲ. ಕರೆಯೋಲೆ ತಲುಪದ ಮನೆಯವರು ಬೇಸರಪಟ್ಟುಕೊಂಡರು; ಅದು ಸಹಜವೇ. ಪಟ್ಟಿಯನ್ನು ಒಳಗೆ ನೋಡಿದಾಗ ಒಂದೇ ಊರಿನ ಮೂರು ಹೆಸರುಗಳು ಕಂಡವು. 'ಸೋನಾರ್‌ಪುರ' ಎಂದು ಕೆಲವರು, 'ಸೋನಾರ್ಪುರ' ಎಂದು ಕೆಲವರು, 'ಸೋನಾರಪುರ' ಎಂದು ಇನ್ನು ಕೆಲವರು. ಮೊದಲನೆಯದು 30 ಬೈಟು, ಎರಡನೆಯದು 27, ಮೂರನೆಯದು 24. ಮೊದಲೆರಡರ ನಡುವೆ ಇರುವ ವ್ಯತ್ಯಾಸ ಇ2 80 8ಸಿ ಎಂಬ ಮೂರು ಬೈಟು. ಅದೊಂದು ಅಕ್ಷರವೇ, ಆದರೆ ಅದಕ್ಕೆ ರೂಪವಿಲ್ಲ, ಅಗಲವಿಲ್ಲ. ಹಿಂದಿನ ಅರ್ಧಾಕ್ಷರವನ್ನು ಮುಂದಿನದರೊಡನೆ ಕೂಡಿಸಬೇಡ ಎಂದು ಹೇಳುವುದಷ್ಟೇ ಅದರ ಕೆಲಸ. ಅದಿದ್ದರೆ ರ್ ಮತ್ತು ಪು ಬೇರೆ ಬೇರೆ ನಿಲ್ಲುತ್ತವೆ. ಇಲ್ಲದಿದ್ದರೆ ಪಕಾರಕ್ಕೆ ಅರ್ಕಾವತ್ತು ಬಂದುಬಿಡುತ್ತದೆ. ಕಣ್ಣಿಗೆ ಕಾಣದ ಈ ಅಕ್ಷರವನ್ನು ತಪ್ಪದೆ ಕಾಣಿಸುವುದು ಎಕ್ಸ್‌ಎಕ್ಸ್‌ಡಿಯಂಥ ಉಪಕರಣ. ಮೂರನ್ನೂ ಒಂದು ಮಾಡಿದ ಮೇಲೆ ಎಲ್ಲ ಮನೆಗಳೂ ಪಟ್ಟಿಗೆ ಬಂದವು.

ಇದಕ್ಕಿಂತ ಮೋಸದ್ದು ಸೊನ್ನೆ. ಅನುಸ್ವಾರವನ್ನೂ ನಾವು ಸೊನ್ನೆಯೆನ್ನುತ್ತೇವೆ, ಅಂಕಿಯನ್ನೂ ಸೊನ್ನೆಯೆನ್ನುತ್ತೇವೆ. ಯಂತ್ರಕ್ಕೆ ಅವು ಬೇರೆ. 'ಸಂಘ' ಎಂದು ಸರಿಯಾಗಿ ಬರೆದರೆ ನಡುವೆ ಇ0 ಬಿ2 82 ಇರುತ್ತದೆ. 'ಸ೦ಘ' ಎಂದು ಅಂಕಿಯ ಸೊನ್ನೆ ಇಟ್ಟು ಬರೆದರೆ ಇ0 ಬಿ3 ಎ6 ಇರುತ್ತದೆ. ಕಾಗದದ ಮೇಲೆ ಎರಡನ್ನೂ ನೋಡಿ, ವ್ಯತ್ಯಾಸ ಹೇಳುವುದು ಕಷ್ಟ. ಆದರೆ ಹುಡುಕುವಾಗ, ಅಕಾರಾದಿಯಾಗಿ ಜೋಡಿಸುವಾಗ, ಕುರುಡರಿಗೆ ಓದಿ ಹೇಳುವ ತಂತ್ರಾಂಶ ಓದುವಾಗ ಎರಡನೆಯದು ಎಡವುತ್ತದೆ. ಹೀಗೆಯೇ ಅರ್ಕಾವತ್ತಿಗೆ ಬದಲಾಗಿ ಕನ್ನಡದ ಒಂಬತ್ತನ್ನು ಬರೆಯುವ ರೂಢಿ. ನಾಡಿನ ಹೆಸರನ್ನೇ 'ಕನಾ೯ಟಕ' ಎಂದು ಬರೆದ ಶುಭಾಶಯಗಳು ಪ್ರತಿ ನವೆಂಬರಿನಲ್ಲಿಯೂ ಬರುತ್ತವೆ. ಸರಿಯಾದ 'ಕರ್ನಾಟಕ'ದಲ್ಲಿ 21 ಬೈಟು. ಒಂಬತ್ತನ್ನು ಹಾಕಿದ್ದರಲ್ಲಿ 18. ಕೈಬರಹದಲ್ಲಿ ಇದು ದೋಷವಲ್ಲ, ಅರ್ಕಾವತ್ತಿನ ಆಕಾರ ಒಂಬತ್ತನ್ನು ಹೋಲುವುದು ನಿಜ. ಆದರೆ ಯಂತ್ರ ಆಕಾರವನ್ನು ನೋಡುವುದಿಲ್ಲ, ಅಂಕೆಯನ್ನು ನೋಡುತ್ತದೆ. ಕರ್ನಾಟಕವೆಂದು ಹುಡುಕಿದವನಿಗೆ ಆ ಬರವಣಿಗೆ ಸಿಕ್ಕುವುದೇ ಇಲ್ಲ.

ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು 1956ರ ನವೆಂಬರ್ 1ರಂದು ಒಂದು ರಾಜ್ಯದಲ್ಲಿ ಸೇರಿದರು. 1973ರಲ್ಲಿ ಅದಕ್ಕೆ ಕರ್ನಾಟಕವೆಂದು ಹೆಸರಾಯಿತು. ಗಣಕಯಂತ್ರದ ಕನ್ನಡವೂ ಹಾಗೆಯೇ ಹಲವು ಸಂಕೇತಗಳಲ್ಲಿ ಹಂಚಿಹೋಗಿತ್ತು. ಯೂನಿಕೋಡಿನಿಂದ ಅದಕ್ಕೂ ಒಂದು ಏಕೀಕರಣವಾಯಿತು. ಆದರೆ ಏಕೀಕರಣಕ್ಕೆ ಮೊದಲು ಬರೆದ ಕಡತಗಳು ಇನ್ನೂ ಗಡಿಯ ಆಚೆಯೇ ಉಳಿದಿವೆ. ಅವನ್ನು ಒಳಕ್ಕೆ ಕರೆದುಕೊಳ್ಳುವ ಕೆಲಸವನ್ನು ಯಾವ ಸರ್ಕಾರವೂ ಮನೆಮನೆಗೆ ಬಂದು ಮಾಡಲಾರದು. ನಮ್ಮ ನಮ್ಮ ಮನೆಯದನ್ನು ನಾವೇ ಮಾಡಬೇಕು.

ಆದ್ದರಿಂದ ತಮ್ಮಲ್ಲಿ ನಾಲ್ಕು ಬಿನ್ನಹಗಳು. ಮೊದಲನೆಯದು: ಹಳೆಯ ಕನ್ನಡ ಕಡತ ಗೊಂದಲವಾಗಿ ಕಂಡರೆ ಅಳಿಸಬೇಡಿ, ತಿದ್ದಬೇಡಿ, ಉಳಿಸು ಎಂಬ ಗುಂಡಿಯನ್ನು ಮುಟ್ಟಲೇಬೇಡಿ. ಎರಡನೆಯದು: ಏನು ಮಾಡುವುದಿದ್ದರೂ ಅದರ ಪ್ರತಿಯ ಮೇಲೆ ಮಾಡಿ, ಮೂಲ ಹಾಗೆಯೇ ಇರಲಿ. ಎಕ್ಸ್‌ಎಕ್ಸ್‌ಡಿಯಲ್ಲಿ ನೋಡುವುದರಿಂದ ಕಡತಕ್ಕೆ ಏನೂ ಆಗುವುದಿಲ್ಲ; ಆದರೆ ಅಡ್ಡಗೀಟು ಮತ್ತು ಆರ್ ಸೇರಿಸಿದರೆ ಅದು ಅಂಕೆಗಳಿಂದ ಮರಳಿ ಕಡತವನ್ನು ಬರೆಯತೊಡಗುತ್ತದೆ, ಹೊಸಬರು ಆ ಕಡೆಗೆ ಹೋಗಬಾರದು. ಮೂರನೆಯದು: ಮೊದಲ 64 ಬೈಟುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ; ರೋಗ ಯಾವುದೆಂದು ಕೂತು ನೋಡೋಣ. ನಾಲ್ಕನೆಯದು: ಪರಿವರ್ತನೆಯಾದ ಮೇಲೆ ಮನೆಯ ಹಿರಿಯರ ಎದುರು ಒಮ್ಮೆ ಗಟ್ಟಿಯಾಗಿ ಓದಿ. ಊರಿನ ಹೆಸರು, ಮನೆತನದ ಹೆಸರು ಸರಿಯಾಗಿದೆಯೆ ಎಂಬುದನ್ನು ಯಂತ್ರ ಹೇಳಲಾರದು, ಅವರು ಹೇಳುತ್ತಾರೆ.

ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಹಿಂದಿಯನ್ನೂ ಆಡುತ್ತಾರೆ. ಅವರಲ್ಲಿ ಕನ್ನಡ ಓದಲು ಕಷ್ಟಪಡುವವರು ಇದ್ದಾರೆ; ಆದರೆ ಯಂತ್ರವೆಂದರೆ ಅವರಿಗೆ ಭಯವಿಲ್ಲ. ಈ ಕೆಲಸವನ್ನು ಅವರ ಕೈಗೆ ಕೊಡಿ. ತಾತ ಬರೆದ ಕಡತದ ಒಳಗೆ ಇ0 ಬಿ2 95 ಎಲ್ಲಿದೆ ಎಂದು ಹುಡುಕುವ ಹುಡುಗ, ಅದು ಕಕಾರವೆಂದು ಕಂಡುಕೊಂಡ ಮೇಲೆ, ಮುಂದಿನ ಅಕ್ಷರ ಯಾವುದೆಂದು ಕೇಳದೆ ಇರಲಾರ. ಕನ್ನಡ ಕಲಿಸಲು ಇದೂ ಒಂದು ದಾರಿಯಾಗಬಹುದು.

  ಮುಂದಿನ ರಾಜ್ಯೋತ್ಸವದೊಳಗೆ ಪ್ರತಿ ಮನೆಯಿಂದ ಒಂದೊಂದಾದರೂ ಹಳೆಯ ಕಡತ ಓದಲು ಬರುವಂತಾಗಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.